ಕರಿ ಮಾತ್ರೆ

ಹಾಲ್ಕುರಿಕೆ ರಸ್ತೆಯ ಇದ್ದಿಲು ಗುಂಡಿಯಿಂದ
ಸೀದಾ ನನ್ನಂಗಡಿಗೆ ಬರುತ್ತಾಳೆ ಕೆಂಪಹೊನ್ನಮ್ಮ.
ಹುಬ್ಬಿನ ಮೇಲೆ ಮಸಿ, ಸೆರಗಿನ ತುದಿಗೆ ಮಸಿ,
ಗಾಜಿನ ಮೇಲೆ ಅವಳು ಮೊಣಕೈ ಊರಿದ ಕಡೆ
ನಾನು ಆಮೇಲೆ ಒರೆಸುವ ಎರಡು ಕಪ್ಪು ಚಂದ್ರ.
ಮೊದಲ ಸಲ ಮಾತ್ರೆ ಪಟ್ಟಿ ಎತ್ತಿ ನೋಡಿ ನಕ್ಕಿದ್ದಳು:
"ಇದ್ಲು ಕಣಕ್ಕ ಇದು! ನಮ್ ಚಿಪ್ಪಿನ ಇದ್ಲೇ!
ಮೂಟೆಗಟ್ಲೆ ನಾವ್ ತುಂಬ್ತೀವಿ,
ನೀವು ಇಷ್ಟಿಷ್ಟೇ ಕಟ್ಟಿ ಮಾರ್ತೀರ."

ಇಲ್ಲ ಹೊನ್ನಮ್ಮ, ನಿನ್ನದು ಉಂಡು ಮಲಗಿದ ಇದ್ದಿಲು.
ಇದು ಹಸಿದದ್ದು.
ತಿಪಟೂರು ಬಿಟ್ಟು ಲಾರಿಯಲ್ಲಿ ಇನ್ನೊಂದು ಕಾರ್ಖಾನೆಗೆ ಹೋಗಿ
ಮತ್ತೆ ಕೆಂಡವಾಗಿ, ಉಗಿ ಕುಡಿದು,
ಒಳಗೆಲ್ಲ ಕಣ್ಣಿಗೆ ಕಾಣದ ತೂತು ಬಿದ್ದದ್ದು.
ಒಂದು ಚಮಚ ಪುಡಿಯನ್ನು ಬಿಡಿಸಿ ಹಾಸಿದರೆ
ಅರ್ಧ ಎಕರೆ ಆಗುತ್ತದಂತೆ.
"ನಮ್ ಯಜಮಾನ್ರ ಪಾಲಿಗ್ ಬಂದಿದ್ದೂ ಅಷ್ಟೇಯ" ಅಂದಳು.

ಮೂರು ತಿಂಗಳು ಕೊಟ್ಟೆ.
ಹೊಟ್ಟೆಯುಬ್ಬರಕ್ಕೆ, ಹುಳಿತೇಗಿಗೆ,
ಬೀಗರೂಟದ ಮಾರನೆಯ ದಿನಕ್ಕೆ.
ಮತ್ತೇನು ನುಂಗುತ್ತೀಯ ಅಂತ
ಒಂದು ದಿನವೂ ಕೇಳಲಿಲ್ಲ ನಾನು.

ಕೇಳಿದ್ದರೆ ಹೇಳುತ್ತಿದ್ದಳು:
ನಸುಕಿಗೆ ಬರಿಹೊಟ್ಟೆಯಲ್ಲಿ ಥೈರಾಯ್ಡಿನ ಬಿಳಿ ಮಾತ್ರೆ,
ಅದರ ಬೆನ್ನಿಗೇ ಕರಿದು,
ಒಂದೇ ಲೋಟ ನೀರಿಗೆ ಎರಡೂ.

ಇದ್ದಿಲಿಗೆ ಮದ್ದು ಯಾವುದು ವಿಷ ಯಾವುದು ಗೊತ್ತಿಲ್ಲ.
ಸಿಕ್ಕಿದ್ದನ್ನು ಮೈಗೆ ಅಂಟಿಸಿಕೊಂಡು
ಕರುಳಿನ ದಾರಿ ಹಿಡಿದು ಹೊರಟುಬಿಡುತ್ತದೆ.
ಬಿಳಿ ಮಾತ್ರೆ ದಿನವೂ ಹೊಟ್ಟೆಗೆ ಇಳಿಯಿತು,
ರಕ್ತಕ್ಕೆ ಮುಟ್ಟಲಿಲ್ಲ.
ಮುಖ ಊದಿತು. ಕೂದಲು ಬಾಚಣಿಗೆಗೆ ಬಂತು.
ಮೂಟೆ ಎತ್ತುವವಳು ಮೂಟೆಗೇ ಒರಗಿ ನಿದ್ದೆಹೋದಳು.
ಸೋಮಾರಿ ಅಂದ ಮೇಸ್ತ್ರಿ, ಅರ್ಧ ದಿನದ ಕೂಲಿ ಹಿಡಿದ.

ರಕ್ತದ ಚೀಟಿ ನೋಡಿದ ಡಾಕ್ಟರಮ್ಮ
ಡೋಸು ಏರಿಸುವ ಮೊದಲು
ಚೀಲ ಸುರಿ ಅಂದರಂತೆ ಮೇಜಿನ ಮೇಲೆ.
ಎಲೆಯಡಿಕೆ, ಬಸ್ ಟಿಕೆಟ್ಟು,
ನನ್ನಂಗಡಿಯ ಮೊಹರಿನ ಕವರು.

ಹೊನ್ನಮ್ಮ ಬೈಯಲಿಲ್ಲ. ಬಂದು ಹೇಳಿದಳು, ಅಷ್ಟೆ:
"ನನ್ ಇದ್ಲೇ ನನ್ ಮಾತ್ರೇನ ತಿಂದಾಕ್ತಂತೆ ಕಣಕ್ಕ."

ಆಷಾಢದಲ್ಲಿ ಒಂದು ರಾತ್ರಿ
ಅರ್ಧ ಇಳಿಸಿದ ಷಟರಿನ ಕೆಳಗೆ
ಚಪ್ಪಲಿಯಿಲ್ಲದ ಎರಡು ಕಾಲು.
"ಕರಿ ಮಾತ್ರೆ ಕೊಡಕ್ಕ, ಇರೋದೆಲ್ಲಾ ಕೊಡು, ಅರೆದು ಕುಡಿಸ್ತೀನಿ,
ಯತೀಶ ಏನೋ ಕುಡಿದ್ಬುಟ್ಟವ್ನೆ."
ಪಟ್ಟಿ ಆಗಲೇ ನನ್ನ ಕೈಯಲ್ಲಿತ್ತು.

ಏನು ಕುಡಿದ?

"ಬಚ್ಚಲು ತೊಳ್ಯೋ ಆಸಿಡ್ಡು. ಜ್ಯೂಸ್ ಬಾಟ್ಲಿಗ್ ಹಾಕಿಟ್ಟಿದ್ದೆ."

ಆಸಿಡ್ಡನ್ನು ಇದು ಹಿಡಿಯುವುದಿಲ್ಲ. ಸೀಮೆಎಣ್ಣೆಯನ್ನೂ ಇಲ್ಲ,
ಕಬ್ಬಿಣಾಂಶದ ಮಾತ್ರೆಯನ್ನೂ ಇಲ್ಲ.
ಹಿಡಿಯುವಂಥ ವಿಷಕ್ಕೂ ಆಸ್ಪತ್ರೆಯ ಕೈಯೇ ಅಳೆದು ಕೊಡಬೇಕು;
ಮಂಪರಿನ ಬಾಯಿಗೆ ಸುರಿದರೆ
ಕರಿ ಶ್ವಾಸಕೋಶಕ್ಕೆ ಇಳಿಯುತ್ತದೆ.
ಇದನ್ನೆಲ್ಲ ಅವಳಿಗೆ ಹೇಳಲಿಲ್ಲ, ಹೊತ್ತಿರಲಿಲ್ಲ.
ಮಾತ್ರೆ ಬೇಡ, ವಾಂತಿ ಮಾಡಿಸಬೇಡ,
ಆ ಬಾಟಲಿ ಜೊತೆಗೆ ತಗೋ ಅಂದೆ.
ಪಟ್ಟಿ ಗಾಜಿನ ಮೇಲೆ ಬಿಟ್ಟು
ತೆಂಗಿನಕಾಯಿ ಇಳಿಸಿ ಹೊರಟಿದ್ದ ಗೂಡ್ಸ್ ಆಟೋಗೆ
ಅಡ್ಡ ನಿಂತೆ.

ಹಾಸನದ ಆಸ್ಪತ್ರೆಯಲ್ಲಿ ಹದಿನೇಳು ದಿನ.
ಮುದ್ದೆ ಇನ್ನೂ ನುಂಗಲಾರ. ಅಂಬಲಿ ಕುಡಿಯುತ್ತಾನೆ.
ಅಜ್ಜಿಯನ್ನು ಬೈಯುವಷ್ಟು ದನಿ ಬಂದಿದೆ.

ಮೊನ್ನೆ ಮತ್ತೆ ಬಂದಳು. ಗೃಹಪ್ರವೇಶದ ಊಟ, ಹೊಟ್ಟೆ ಗುಡುಗುಡು.
ನಾನು ಬಾಯಿ ತೆರೆಯುವ ಮೊದಲೇ ಒಪ್ಪಿಸಿದಳು:
"ಬಿಳೀದು ಕೋಳಿ ಕೂಗೋ ಹೊತ್ಗೆ.
ಕರೀದು ಮಧ್ಯಾಹ್ನ ಬುತ್ತಿ ಉಂಡಾದ್ಮೇಲೆ, ನೀರ್ ಜಾಸ್ತಿ.
ಎರಡ್ ದಿನಕ್ಕೆ ಬಗ್ಗದಿದ್ರೆ ಡಾಕ್ಟರಮ್ಮ.
ಮಾರ್ನೆ ದಿನ ಕಪ್ಪಗ್ ಹೋಯ್ತು ಅಂತ
ಕೂಗಾಡ್ಬಾರ್ದು." ಕೂಗಾಡಿದ್ದು ಗಂಡ, ಅವಳಲ್ಲವಂತೆ.

ಕತ್ತರಿಯಲ್ಲಿ ಎರಡೇ ಮಾತ್ರೆ ಕತ್ತರಿಸಿದೆ.
"ಪಟ್ಟಿ ಪೂರ್ತಿ ಕೊಡಾಕಿಲ್ವಾ?"
ಇಲ್ಲ.
"ನಿಂಗ್ ಯಾಪಾರ ಮಾಡಾಕ್ ಬರಾಕಿಲ್ಲ" ಅಂದು
ಮಸಿಗೈಯಲ್ಲಿ ಚಿಲ್ಲರೆ ಎಣಿಸತೊಡಗಿದಳು,
ಒಂದೊಂದೇ, ಎರಡು ಸಲ.